ಸವಾಲಿನಲ್ಲಿ ಎರಡನೆಯವರೇ ಮುಖ್ಯ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಹೂಗಿಡದ ಬಳಗ. ನಲವತ್ತೈದು ಸದಸ್ಯರು, ಜಾಸ್ತಿ ಹೆಂಗಸರೇ. ನೆರಳುಬಲೆ ಹಾಕಿ ಗಿಡ ಬೆಳೆಸುವ ಜಾಗ ಮಾಡಿಕೊಳ್ಳಲು ಹಣ ಬೇಕೆಂದು ಹೋದ ಮೇ ತಿಂಗಳಲ್ಲಿ ಗಿಡಗಳ ಸವಾಲು (ಹರಾಜು) ಇಟ್ಟಿದ್ದೆವು. 120 ಗಿಡ ಬಂದವು. ಊಟದ ಬಿಡುವು ಬಿಟ್ಟು ಆರು ಗಂಟೆ ಹೊತ್ತು ಕೂಗಿದರೂ ಆದದ್ದು 11,000 ರೂಪಾಯಿ. ಊಟವಾದ ಮೇಲೆ ಅರ್ಧ ಜನ ಎದ್ದು ಹೋದರು. ಒಂದು ಆಂಥೂರಿಯಂ ವಿಷಯಕ್ಕೆ ಇಬ್ಬರಿಗೆ ಮಾತು ಬೆಳೆದು ಈಗಲೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಕೆಲವರ ಹಣ ಇನ್ನೂ ಬಂದಿಲ್ಲ. ಈ ಸಲ ಹೇಗೆ ಮಾಡಬೇಕು? ಇನ್ನೊಂದು ವಿಷಯ, ನಮ್ಮ ಅತ್ತೆಯವರ ಕಾಲದ ಒಂದು ಡೇರೆ (ಡಾಲಿಯಾ) ಹೂವಿನ ಗಿಡ ಇದೆ, ಬೇರೆಯವರ ಅಂಗಳದಲ್ಲಿ ನಾನು ನೋಡಿಲ್ಲ. ಅದನ್ನು ಸವಾಲಿಗೆ ಇಡಬಹುದಾ?

ಉತ್ತರ: ಡೇರೆಯ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ಲೆಕ್ಕ ನೋಡೋಣ. ಆರು ಗಂಟೆಯಲ್ಲಿ 120 ಗಿಡ ಅಂದರೆ ಒಂದು ಗಿಡಕ್ಕೆ ಮೂರು ನಿಮಿಷ. 11,000ವನ್ನು 120ರಿಂದ ಭಾಗಿಸಿದರೆ ಗಿಡಕ್ಕೆ 92 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. ಆ ಬೆಲೆಗೆ ಚೀಟಿ ಅಂಟಿಸಿ ಮೇಜಿನ ಮೇಲೆ ಇಟ್ಟಿದ್ದರೆ ಗಂಟಲು ಹರಿದುಕೊಳ್ಳದೆ ಒಂದೂವರೆ ಗಂಟೆಯಲ್ಲಿ ಎಲ್ಲಾ ಖಾಲಿಯಾಗುತ್ತಿತ್ತು, ಅಲ್ವಾ?

ನಾನು ಸಾಗರದ ಕಡೆಯವನು. ಬಹಳ ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವನು. ಗಿಡದ ಹುಚ್ಚು ನನ್ನ ಹೆಂಡತಿಯದು, ಅವಳ ಬಳಗದ ಸವಾಲು ಕೂಗುವ ಕೆಲಸ ಮಾತ್ರ ನನ್ನ ತಲೆಗೆ ಬಂತು. ಮೊದಲ ಎರಡು ವರ್ಷ ನಾನೂ ನಿಮ್ಮ ಹಾಗೆಯೇ ಬಂದದ್ದನ್ನೆಲ್ಲ ಕೂಗಿದೆ. ಹಣವೂ ಆಗಲಿಲ್ಲ, ಗಂಟಲೂ ಉಳಿಯಲಿಲ್ಲ. ಆಮೇಲೆ ಮಂಡಿಯಲ್ಲಿ ದಿನಾ ಕಣ್ಣೆದುರಿಗೆ ಇದ್ದ ವಿಷಯ ತಲೆಗೆ ಹೊಳೆಯಿತು. ಒಂದು ಲಾಟಿಗೆ, ಅಂದರೆ ಮಾರಲು ಇಟ್ಟ ಒಂದು ರಾಶಿಗೆ, ಒಬ್ಬನೇ ವರ್ತಕ ಆಸೆಪಟ್ಟರೆ ಅವನು ಹೇಳಿದ್ದೇ ದರ. ಇನ್ನೊಬ್ಬ ಬಂದು ಅದೇ ರಾಶಿಗೆ ಕೈ ಹಾಕಿ ನಾಲ್ಕು ಅಡಿಕೆ ಎತ್ತಿ ನೋಡಿದ ಅನ್ನಿ, ಮೊದಲನೆಯವನ ಮುಖವೇ ಬದಲಾಗುತ್ತದೆ.

ಸವಾಲಿನಲ್ಲಿ ಬೆಲೆ ಕಟ್ಟುವುದು ಗೆದ್ದವರಲ್ಲ, ಸೋತವರು. ನಿಮ್ಮ ಆಂಥೂರಿಯಂಗೆ ಒಬ್ಬರು 900ರವರೆಗೆ ಕೊಡಲು ತಯಾರಿದ್ದಾರೆ, ಇನ್ನೊಬ್ಬರು 400ಕ್ಕೆ ನಿಲ್ಲುತ್ತಾರೆ ಅಂತ ಇಟ್ಟುಕೊಳ್ಳಿ. ಗಿಡ ಹೋಗುವುದು 420ಕ್ಕೆ. ಆ ಎರಡನೆಯವರು ಅವತ್ತು ನೆಂಟರ ಮದುವೆಗೆ ಹೋಗಿದ್ದರೆ 50 ರೂಪಾಯಿಗೂ ಹೋಗಬಹುದು. ಹಾಗಾಗಿ ಒಂದೊಂದು ಗಿಡವನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಇದು ಬೇಕು ಅನ್ನುವವರು ನಮ್ಮಲ್ಲಿ ಕಡೇಪಕ್ಷ ಇಬ್ಬರು ಇದ್ದಾರಾ? ಇದ್ದರೆ ಸವಾಲಿಗೆ. ಇಲ್ಲದಿದ್ದರೆ ಬೆಲೆ ಬರೆದು ಮಾರಾಟದ ಮೇಜಿಗೆ. ಕ್ರೋಟನ್, ಮನಿಪ್ಲಾಂಟ್, ಎಲ್ಲರ ಮನೆಯಲ್ಲೂ ಇರುವ ಕೆಂಪು ದಾಸವಾಳ, ತುಳಸಿ, ಇವೆಲ್ಲ ಮೇಜಿಗೇ ಹೋಗಲಿ. ನಿಮ್ಮ 120ರಲ್ಲಿ ಸವಾಲಿಗೆ ನಿಜವಾಗಿ ಲಾಯಕ್ಕಾದವು ಮೂವತ್ತು, ಹೆಚ್ಚೆಂದರೆ ಮೂವತ್ತೈದು ಇದ್ದಿರಬಹುದು. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಗಂಟೆಯೊಳಗೆ ಮುಗಿಯುತ್ತದೆ, ಹನ್ನೆರಡೂವರೆಗೆ ಎಲ್ಲರೂ ಎಲೆ ಮುಂದೆ ಕೂತಿರುತ್ತಾರೆ. ಊಟ ಆದ ಮೇಲೆ ಸವಾಲು ಮುಂದುವರಿಸುವ ಆಲೋಚನೆಯನ್ನೇ ಬಿಟ್ಟುಬಿಡಿ. ನಮ್ಮ ಕಡೆ ಮಧ್ಯಾಹ್ನ ಊಟ ಆದವರಿಗೆ ಒಂದೋ ನಿದ್ದೆ, ಇಲ್ಲಾಂದ್ರೆ ಬಸ್ಸಿನ ಚಿಂತೆ. ಮೇ ತಿಂಗಳಾದರೆ ಸಂಜೆ ಗುಡುಗು ಬೇರೆ.

ಸರಿ, ಇಬ್ಬರು ಬೇಕಾದವರು ಇದ್ದಾರೆ ಅಂತಲೇ ಇಟ್ಟುಕೊಳ್ಳಿ. ಆದರೂ ಬೆಲೆ ಏರುವುದಿಲ್ಲ. ಯಾಕೆ? ದಾಕ್ಷಿಣ್ಯ. ಸವಾಲು ಕೂಗುವುದರ ಬಗ್ಗೆ ಯಾರು ಏನೇ ಹೇಳಲಿ, ಮಲೆನಾಡಿನಲ್ಲಿ ನಿಜವಾದ ತೊಂದರೆ ಇದೇ. ಗಣಪತಿ ಹಬ್ಬದಲ್ಲಿ ಫಲಾವಳಿ ಸವಾಲು, ಅಂದರೆ ದೇವರ ಮೇಲೆ ಕಟ್ಟಿದ ಹಣ್ಣುಕಾಯಿಗಳ ಹರಾಜು ನೋಡಿದ್ದೀರಲ್ಲ, ಒಂದು ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಹೋಗುತ್ತದೆ. ಅಲ್ಲಿ ದುಡ್ಡು ದೇವರಿಗೆ, ಹೆಸರು ಮೈಕಿನಲ್ಲಿ, ಹೆಚ್ಚು ಕೂಗಿದಷ್ಟೂ ಮರ್ಯಾದೆ. ಅದನ್ನು ನೋಡಿ ನಾವು, ಸವಾಲು ಅಂದರೆ ತನ್ನಷ್ಟಕ್ಕೆ ಏರುತ್ತದೆ ಅಂದುಕೊಳ್ಳುತ್ತೇವೆ. ಗಿಡದ ಬಳಗದಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಪಕ್ಕದ ಮನೆಯ ಅಕ್ಕ ಒಂದು ಬಿಗೋನಿಯಾಕ್ಕೆ ಕೈ ಎತ್ತಿದರು ಅಂದರೆ ಉಳಿದವರು ಕೈ ಕೆಳಗಿಡುತ್ತಾರೆ. ‘ಅವರಿಗೆ ಇಷ್ಟ ಇದ್ದಂಗಿದೆ, ತಗೊಳ್ಳಲಿ ಬಿಡಿ.’ ಬಳಗದ ಅಧ್ಯಕ್ಷರು ಕೈ ಎತ್ತಿದರೆ ಮುಗಿದೇಹೋಯಿತು, ಇಡೀ ಹಾಲ್ ಗಪ್‌ಚುಪ್. ನಮ್ಮಲ್ಲಿ ಒಂದು ಸಲ ಒಳ್ಳೆಯ ಬಿಳಿ ಆಂಥೂರಿಯಂ ಹೀಗೇ 80 ರೂಪಾಯಿಗೆ ಹೋಯಿತು. ಆಮೇಲೆ ಊಟಕ್ಕೆ ಕೂತಾಗ ಮೂರು ಜನ ನನ್ನ ಹತ್ತಿರ ಬಂದು, ನಾನು 300 ಕೊಡುತ್ತಿದ್ದೆ, ಅವರ ಮುಂದೆ ಹೇಗೆ ಕೂಗಲಿ ಅಂದರು.

ಇದು ಕೆಟ್ಟ ಗುಣ ಅಲ್ಲ, ಇದನ್ನು ತಿದ್ದಲು ಹೋಗಲೂಬೇಡಿ. ದಾಕ್ಷಿಣ್ಯಕ್ಕೆ ಜಾಗವೇ ಸಿಗದ ಹಾಗೆ ಏರ್ಪಾಟು ಮಾಡಿದರೆ ಸಾಕು. ಅದಕ್ಕೆ ಮಂಡಿಯ ಟೆಂಡರ್ ಪದ್ಧತಿ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಅಡಿಕೆಗೆ ಲಾಟ್ ನಂಬರ್ ಹಾಕಿ ಇಟ್ಟಿರುತ್ತಾರೆ. ವರ್ತಕರು ಬಂದು ನೋಡಿ, ಒಡೆದು, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ ಆಗುತ್ತದೆ. ಯಾರು ಎಷ್ಟು ಬರೆದರು ಅಂತ ಪಕ್ಕದವನಿಗೆ ಆ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ನೀವು ಇದನ್ನು ಸ್ವಲ್ಪ ಬದಲಿಸಿಕೊಳ್ಳಿ. ಹತ್ತು ಹನ್ನೆರಡು ಗಿಡಗಳನ್ನು ಒಂದು ಉದ್ದ ಮೇಜಿನ ಮೇಲೆ ಇಡಿ, ಒಂದೊಂದರ ಮುಂದೂ ಒಂದು ಹಾಳೆ, ಅದಕ್ಕೆ ಕಟ್ಟಿದ ಒಂದು ಪೆನ್ನು. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ನಂಬರ್ ಕೊಟ್ಟಿರುತ್ತೀರಿ. ಹಾಳೆಯಲ್ಲಿ ಹೆಸರು ಬೇಡ, ನಂಬರ್ ಮತ್ತು ಮೊತ್ತ ಮಾತ್ರ. ‘17, 150’ ಅಂತ ಇದ್ದರೆ 17 ಯಾರು ಅಂತ ಯೋಚಿಸುವ ಬದಲು ಜನ ಕೆಳಗೆ 170 ಅಂತ ಬರೆಯುತ್ತಾರೆ. ನೋಡಿ, ಕೈ ಎತ್ತಲು ನಾಚುವವರು ಬರೆಯಲು ನಾಚುವುದಿಲ್ಲ.

ಇದರಲ್ಲಿ ಒಂದು ಎಡವಟ್ಟು ಇದೆ. ಹನ್ನೊಂದೂವರೆಗೆ ಮುಕ್ತಾಯ ಅಂತ ಹೇಳಿದರೆ ಹನ್ನೊಂದು ಇಪ್ಪತ್ತೆಂಟರವರೆಗೆ ಯಾರೂ ಬರೆಯುವುದಿಲ್ಲ, ಕೊನೆಯ ಎರಡು ನಿಮಿಷ ಮೇಜಿನ ಸುತ್ತ ಸಂತೆ. ಒಂದೇ ಪೆನ್ನಿಗೆ ನಾಲ್ಕು ಕೈ. ಅದಕ್ಕೆ ಎಲ್ಲಾ ಹಾಳೆ ಒಟ್ಟಿಗೆ ಮುಚ್ಚಬೇಡಿ. ಒಂದನೇ ಗಿಡದ ಹಾಳೆ 11:10ಕ್ಕೆ, ಎರಡನೆಯದು 11:12ಕ್ಕೆ, ಹೀಗೆ ಒಬ್ಬರು ನಡೆಯುತ್ತಾ ಒಂದೊಂದೇ ಎತ್ತಿಕೊಂಡು ಹೋಗಲಿ. ಒಂದರಲ್ಲಿ ಸೋತವರು ಮುಂದಿನದಕ್ಕೆ ಓಡಿ ಬರೆಯುತ್ತಾರೆ, ನಿಮಗೆ ಬೇಕಾದದ್ದೂ ಅದೇ.

ಅವತ್ತು ಬರಲಾಗದ ಸದಸ್ಯರಿಗೂ ದಾರಿ ಇದೆ. ತಮಗೆ ಇಂಥ ಗಿಡಕ್ಕೆ ಹೆಚ್ಚೆಂದರೆ ಎಷ್ಟು ಅಂತ ಬರೆದು ಮುಚ್ಚಿದ ಕವರಿನಲ್ಲಿ ಕಾರ್ಯದರ್ಶಿಗೆ ಕೊಡಲಿ. ಅವರ ಪರವಾಗಿ ಒಬ್ಬರು ಕೂತು ಕೂಗಲಿ. ಕವರಿನಲ್ಲಿ 800 ಇದ್ದು ಹಾಲಿನಲ್ಲಿದ್ದವರು 450ಕ್ಕೆ ನಿಂತರೆ ಗಿಡ ಇವರಿಗೆ 470ಕ್ಕೆ ಬರಬೇಕು, 800ಕ್ಕೆ ಅಲ್ಲ. ಇದನ್ನು ಗಟ್ಟಿಯಾಗಿ ಹೇಳಿ, ಇಲ್ಲದಿದ್ದರೆ ಯಾರೂ ನಿಜವಾದ ಮೊತ್ತ ಬರೆಯುವುದಿಲ್ಲ. ವಿಲಿಯಂ ವಿಕ್ರಿ ಅನ್ನುವ ಅರ್ಥಶಾಸ್ತ್ರಜ್ಞರು 1961ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಗೆದ್ದವರು ಎರಡನೆಯವರ ಬೆಲೆ ಕೊಟ್ಟರೆ ಸಾಕು ಅಂತಾದರೆ ಮನಸ್ಸಿನಲ್ಲಿರುವ ಬೆಲೆಯನ್ನು ಮುಚ್ಚಿಡುವ ಕಾರಣವೇ ಇರುವುದಿಲ್ಲ. 1996ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮಂಡಿಯವರಿಗೆ ಯಾರೂ ಕೊಡಲಿಲ್ಲ, ಇರಲಿ. ಆ ಕವರು ಮಾತ್ರ ಸವಾಲು ನಡೆಸುವವರ ಕಣ್ಣಿಗೆ ಬೀಳಬಾರದು. 800 ಇದೆ ಅಂತ ಗೊತ್ತಾದರೆ ಎಂಥ ಸಾಧುವಿನ ಬಾಯಿಯೂ 800ರ ಕಡೆಗೇ ಎಳೆಯುತ್ತದೆ.

ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಹಾಲೆಂಡ್ ಪದ್ಧತಿ ಇದೆ. ಗಡಿಯಾರದ ಹಾಗಿರುವ ಪರದೆಯ ಮೇಲೆ ದರ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಹೂವು. ಯಾರಾದರೂ ಅದನ್ನು ಮಾಡೋಣ ಅಂದರೆ ಬೇಡ ಅನ್ನಿ. ಬಾಡುವ ಹೂವನ್ನು ಬೇಗ ಸಾಗಿಸುವವರಿಗೆ ಅದು ಸರಿ. ಭಾನುವಾರ ಬೆಳಿಗ್ಗೆ ಖುಷಿಗೆ ಬಂದವರಿಗೆ ಅಲ್ಲ.

ಈಗ ಕೂಗುವ ಗಿಡಗಳಿಗೆ ಬರೋಣ. ಹಾಳೆಯಲ್ಲಿ ಹತ್ತು ಹನ್ನೆರಡು ಹೋದರೆ ಕೂಗಲು ಇಪ್ಪತ್ತು ಉಳಿಯುತ್ತವೆ. ಕೂಗುವವರನ್ನು ಆರಿಸುವಾಗ ಒಳ್ಳೆಯ ಮಾತುಗಾರರನ್ನು ಹುಡುಕಬೇಡಿ. ನಾವೊಮ್ಮೆ ತಾಳಮದ್ದಳೆಯಲ್ಲಿ ಅರ್ಥ ಹೇಳುವವರೊಬ್ಬರನ್ನು ಕೂರಿಸಿದ್ದೆವು. ಒಂದು ಗುಲಾಬಿ ಗಿಡಕ್ಕೆ ಅವರು ಮುಗಿಸುವಷ್ಟರಲ್ಲಿ ಏಳು ನಿಮಿಷ. ಜನ ಚಪ್ಪಾಳೆ ಹೊಡೆದರು, ಗಿಡ 60 ರೂಪಾಯಿಗೆ ಹೋಯಿತು. ಬೇಕಾಗಿರುವುದು ಕಣ್ಣು ಚುರುಕಾಗಿರುವವರು. ಯಾರು ಕೈ ಎತ್ತಿದರು, ಯಾರು ಎತ್ತಲೋ ಬೇಡವೋ ಅಂತ ಪಕ್ಕದವರ ಮುಖ ನೋಡುತ್ತಿದ್ದಾರೆ ಅನ್ನುವುದು ಕಾಣಬೇಕು. ಊರಿನಲ್ಲಿ ಫಲಾವಳಿ ಕೂಗಿ ಅಭ್ಯಾಸ ಇರುವವರು ಸಿಕ್ಕರೆ ಬಹಳ ಒಳ್ಳೆಯದು. ಪಕ್ಕದಲ್ಲಿ ಒಬ್ಬರು ಗಿಡ ಎತ್ತಿ ಹಿಡಿಯಲು, ಇನ್ನೊಬ್ಬರು ಬರೆಯಲು.

ಶುರುವಿನ ಬೆಲೆ ಕಡಿಮೆ ಇರಲಿ. 300 ಬಾಳುವ ಗಿಡವನ್ನು 250ಕ್ಕೆ ಶುರು ಮಾಡಿದರೆ ಯಾರೂ ಬಾಯಿ ಬಿಡುವುದಿಲ್ಲ, 50ಕ್ಕೆ ಶುರು ಮಾಡಿದರೆ ಐದು ಜನ ಕೈ ಎತ್ತುತ್ತಾರೆ. ಒಮ್ಮೆ ಕೈ ಎತ್ತಿದವರಿಗೆ ಆ ಗಿಡ ಅರ್ಧ ತಮ್ಮದೇ ಅನಿಸಿಬಿಟ್ಟಿರುತ್ತದೆ, ಬಿಡಲು ಮನಸ್ಸು ಬರುವುದಿಲ್ಲ. ತುಂಬಾ ಬೆಲೆಬಾಳುವ ಒಂದೆರಡಕ್ಕೆ ಮಾತ್ರ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಕನಿಷ್ಠ ಬೆಲೆ ಇಟ್ಟುಕೊಳ್ಳಿ, ಅದನ್ನು ಮೊದಲೇ ಹೇಳಿ. ಏರಿಕೆಯೂ ಗೊತ್ತಿರಲಿ. ನೂರರವರೆಗೆ ಹತ್ತು, ಐನೂರರವರೆಗೆ ಇಪ್ಪತ್ತು, ಆಮೇಲೆ ಐವತ್ತು. ಇಲ್ಲದಿದ್ದರೆ 1,200 ಆದ ಮೇಲೂ ಒಬ್ಬರು ‘1,205’ ಅನ್ನುತ್ತಾರೆ, ಎಲ್ಲರೂ ನಗುತ್ತಾರೆ, ಬಿಸಿ ಆರಿಹೋಗುತ್ತದೆ.

ಒಂದೇ ಥರದ ಗಿಡ ಆರು ಇದ್ದರೆ ಆರು ಸಲ ಕೂಗಬೇಡಿ. ಮೊದಲನೆಯದು 200ಕ್ಕೆ ಹೋದರೆ ಆರನೆಯದು 60ಕ್ಕೆ ಬಂದು ನಿಂತಿರುತ್ತದೆ. ದೊಡ್ಡ ದೊಡ್ಡ ವೈನ್ ಹರಾಜುಗಳಲ್ಲೂ ಒಂದೇ ಥರದ ಬಾಟಲಿಗಳ ಬೆಲೆ ಹೀಗೆ ಇಳಿಯುವುದನ್ನು ಗಮನಿಸಿದ್ದಾರೆ. ಒಂದು ಸಲ ಕೂಗಿ. ಗೆದ್ದವರು ಆರರಲ್ಲಿ ತಮಗೆ ಬೇಕಾದಷ್ಟು ಆರಿಸಿಕೊಳ್ಳಲಿ. ಆಮೇಲೆ ಅದೇ ಬೆಲೆಗೆ ಬೇಕಾ ಅಂತ ಎರಡನೆಯವರನ್ನು ಕೇಳಿ. ಬಹಳ ಸಲ ಅವರು ಒಂದೇ ಮೆಟ್ಟಿಲು ಕೆಳಗೆ ನಿಂತಿರುತ್ತಾರೆ, ಹೂಂ ಅನ್ನುತ್ತಾರೆ. ಸೋತವರೂ ಗಿಡ ಹಿಡಿದುಕೊಂಡು ಹೋಗುತ್ತಾರೆ.

ನಿಮ್ಮಲ್ಲಿ ಜಗಳ ಆದದ್ದು ಬಹುಶಃ ಕೊನೆಯ ಕೂಗಿನಲ್ಲಿ ಇಬ್ಬರೂ ಕೈ ಎತ್ತಿದ್ದಕ್ಕೆ ಇರಬೇಕು. ‘ಒಂದು ಸಲ, ಎರಡು ಸಲ, ಮೂರು ಸಲ’ ಅಂದು ಮೇಜು ಕುಟ್ಟಿದ ಮೇಲೆ ಬಂದ ಕೂಗು ಲೆಕ್ಕಕ್ಕಿಲ್ಲ. ಕುಟ್ಟುವ ಮೊದಲು ಇಬ್ಬರು ಒಟ್ಟಿಗೆ ಕೂಗಿದ್ದರೆ ಆ ಇಬ್ಬರ ನಡುವೆ ಮಾತ್ರ ಮತ್ತೆ ಶುರು. ಸವಾಲು ನಡೆಸುವವರು ಹೇಳಿದ್ದೇ ಕೊನೆ. ಈ ಮೂರು ಮಾತನ್ನು ಶುರುವಿನಲ್ಲೇ ಮೈಕಿನಲ್ಲಿ ಓದಿಬಿಡಿ. ಆಮೇಲೆ ಹೇಳಿದರೆ ಒಬ್ಬರ ಕಡೆ ಹೇಳಿದ ಹಾಗೆ ಕೇಳಿಸುತ್ತದೆ. ಆ ಇಬ್ಬರನ್ನು ಈ ಸಲ ಒಟ್ಟಿಗೆ ನೀರುಮಜ್ಜಿಗೆ ಹಂಚಲು ಹಾಕಿ, ಸರಿಹೋಗುತ್ತಾರೆ.

ಬೆಲೆ ಏರಿಸಲಿಕ್ಕೆ ಅಂತ ಬಳಗದವರೇ ಸುಳ್ಳು ಕೂಗು ಹಾಕುವುದು ಮಾತ್ರ ಖಂಡಿತ ಬೇಡ. ಸಣ್ಣ ಊರು. ಯಾರ ಮನೆಯಲ್ಲಿ ಯಾವ ಗಿಡ ಇದೆ ಅಂತ ಎಲ್ಲರಿಗೂ ಗೊತ್ತು. ಮನೆಯಲ್ಲಿ ಹತ್ತು ಬಿಳಿ ಆಂಥೂರಿಯಂ ಇರುವವರು ಹನ್ನೊಂದನೆಯದಕ್ಕೆ ಯಾಕೆ ಕೂಗುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ, ಮುಂದಿನ ವರ್ಷ ಬರುವುದಿಲ್ಲ ಅಷ್ಟೇ.

ಗಿಡಗಳ ಸಾಲು ಹೀಗಿರಲಿ. ಎಲ್ಲಕ್ಕಿಂತ ಒಳ್ಳೆಯದು ಮೊದಲನೆಯದಾಗಿ ಬೇಡ, ಜನ ಇನ್ನೂ ಚಪ್ಪಲಿ ಬಿಡುತ್ತಿರುತ್ತಾರೆ. ಕೊನೆಗೂ ಬೇಡ. ಏಳೋ ಎಂಟನೆಯದೋ ಆಗಿ ಬರಲಿ, ಆಮೇಲೆ ಅದರಲ್ಲಿ ಸೋತವರಿಗೆ ಹಿಡಿಸುವಂಥದ್ದೇ ಒಂದೆರಡು ಗಿಡ ಹಿಂದೆಯೇ ಇರಲಿ.

ಡೇರೆ ಗೆಡ್ಡೆಗಳಿಗೆ ಬೇರೆಯೇ ಜಾಗ್ರತೆ ಬೇಕು. ಮಳೆ ಹಿಡಿಯುವ ಮೊದಲು ಗೆಡ್ಡೆ ಬದಲಾಯಿಸಿಕೊಳ್ಳುವುದು ನಮ್ಮ ಕಡೆ ಮೊದಲಿಂದ ಇದ್ದದ್ದೇ, ಹಾಗಾಗಿ ಮೇ ತಿಂಗಳಿನಲ್ಲಿ ಅದಕ್ಕೆ ಬೇಡಿಕೆ ಇರುತ್ತದೆ. ಆದರೆ ಮೇ ತಿಂಗಳಿನ ಗೆಡ್ಡೆ ನೋಡಿ ಹೂವಿನ ಬಣ್ಣ ಹೇಳುವವರು ಯಾರೂ ಇಲ್ಲ. ನನ್ನ ಹೆಂಡತಿ ಒಂದು ಕಡೆ 250 ಕೊಟ್ಟು ಕಪ್ಪುಗೆಂಪು ಅಂತ ತಂದದ್ದು ಆಗಸ್ಟಿನಲ್ಲಿ ಹಳದಿ ಬಿಟ್ಟಿತು. ಮನೆಯಲ್ಲಿ ಅದಕ್ಕೆ ಇವತ್ತಿಗೂ ‘ಎರಡೂವರೆ ನೂರು’ ಅಂತಲೇ ಹೆಸರು. ಅದಕ್ಕೆ ಹೋದ ವರ್ಷದ ಹೂವಿನ ಫೋಟೋ, ಬೆಳೆದವರ ಹೆಸರು ಬರೆದ ಚೀಟಿ ಇಲ್ಲದ ಗೆಡ್ಡೆಯನ್ನು ತಗೊಳ್ಳಲೇಬೇಡಿ. ಇನ್ನೊಂದು, ಡೇರೆ ಗೆಡ್ಡೆಯ ಹೊಟ್ಟೆಯಿಂದ ಚಿಗುರುವುದಿಲ್ಲ. ಚಿಗುರೊಡೆಯುವ ಕಣ್ಣು ಇರುವುದು ಹಳೆಯ ಕಾಂಡ ಸೇರುವ ಕುತ್ತಿಗೆಯ ಹತ್ತಿರ. ಎಷ್ಟೇ ದಪ್ಪ ಇರಲಿ, ಕುತ್ತಿಗೆ ಮುರಿದ ಗೆಡ್ಡೆ ಮಣ್ಣಿನಲ್ಲಿ ಸುಮ್ನೆ ಕೊಳೆಯುತ್ತದೆ. ಸವಾಲಿಗೆ ಹದಿನೈದು ಇಪ್ಪತ್ತು ದಿನ ಮೊದಲೇ ಕೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಮಣ್ಣು ತುಂಬಿ ನೆಟ್ಟು ಚಿಗುರು ಬರಿಸಿದ್ದಾದರೆ ಅನುಮಾನವೇ ಇಲ್ಲ, ಬೆಲೆಯೂ ಚೆನ್ನಾಗಿ ಬರುತ್ತದೆ. ಎಲೆ ಮುರುಟಿ ಹಳದಿ ಮಚ್ಚೆ ಇದ್ದ ಗಿಡದ ಗೆಡ್ಡೆ ಬೇಡ, ನಂಜು ರೋಗ ಗೆಡ್ಡೆಯ ಜತೆಗೇ ಬರುತ್ತದೆ. ಹಿಟ್ಟು ತಿಗಣೆ, ಬಸವನಹುಳು ಇದ್ದ ಕುಂಡಗಳನ್ನೂ ಬಾಗಿಲಲ್ಲೇ ವಾಪಸ್ ಕಳಿಸಿ. ಸ್ವಲ್ಪ ಮುಜುಗರ ಆಗುತ್ತದೆ, ಆಗಲಿ.

ಸೀತಾಳದಂಡೆ ಅನ್ನುವ ಕಾಡು ಆರ್ಕಿಡ್ ಹೂ ಬಿಡುವುದೂ ಅದೇ ಸಮಯಕ್ಕೆ. ಯಾರಾದರೂ ಕಾಡಿನ ಮರದಿಂದ ಕಿತ್ತು ತಂದೇ ತರುತ್ತಾರೆ. ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು ಅಪರಾಧ, ಅದನ್ನು ಸವಾಲಿಗೆ ಇಟ್ಟರೆ ಬಳಗದ ತಲೆಗೆ ಬರುತ್ತದೆ. ನರ್ಸರಿಯಲ್ಲಿ ಬೆಳೆಸಿದ ಆರ್ಕಿಡ್ ಆದರೆ ಬಿಲ್ ಇರಲಿ.

ಹಣ ಜಾಸ್ತಿ ಬರಲಿ ಅಂತ ಲಕ್ಕಿ ಡಿಪ್ ಕೂಪನ್ ಮಾರುವ ಸಲಹೆ ಯಾರಾದರೂ ಕೊಡುತ್ತಾರೆ. ದುಡ್ಡು ತಗೊಂಡು ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಲಾಟರಿಯೇ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿದೆ. ಅದರ ಬದಲು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾರಿ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಗಿಡದ ಮೇಲೆ ಆಸೆ ಇಲ್ಲದೆ ಹೆಂಡತಿಯ ಜತೆ ಬಂದ ಗಂಡಸರ ಜೇಬಿಗೆ ಅದೊಂದೇ ದಾರಿ.

ಬಾಕಿ ಹಣದ ವಿಷಯಕ್ಕೆ ಒಂದೇ ನಿಯಮ. ಹಣ ಕೊಟ್ಟು ರಸೀದಿ ತೋರಿಸಿದ ಮೇಲೆ ಗಿಡ ಕೈಗೆ. ಕೂಗು ಮುಗಿದ ಗಿಡ ನೇರ ಗೆದ್ದವರ ಮಡಿಲಿಗೆ ಹೋಗಬಾರದು, ಹಿಂದಿನ ಮೇಜಿಗೆ ಹೋಗಬೇಕು. ಅಲ್ಲಿ ಇಬ್ಬರು ಕೂತಿರಲಿ, ಒಬ್ಬರು ಲಾಟ್ ನಂಬರ್, ಕೊಂಡವರ ನಂಬರ್, ಮೊತ್ತ ಬರೆದುಕೊಳ್ಳಲು, ಇನ್ನೊಬ್ಬರು ದುಡ್ಡಿಗೆ. ಫೋನ್‌ಪೇ ಮಾಡುವವರಿಗೆ ಬಳಗದ ಹೆಸರಿನ ಬ್ಯಾಂಕ್ ಖಾತೆಯ ಕ್ಯೂಆರ್ ಇಡಿ, ಖಜಾಂಚಿಯ ಸ್ವಂತ ಫೋನಿನದ್ದು ಬೇಡ. ನನಗೆ ಗೊತ್ತಿರುವ ಒಂದು ಬಳಗದಲ್ಲಿ ಸವಾಲಿನ ಹಣ ಖಜಾಂಚಿಯ ಮನೆಯ ಹಾಲಿನ ಲೆಕ್ಕದ ಜತೆ ಸೇರಿಹೋಗಿ ಬಿಡಿಸುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು. ಅವರು ಒಂದು ರೂಪಾಯಿ ಮುಟ್ಟಿರಲಿಲ್ಲ, ಆದರೂ ಆ ವರ್ಷವೇ ಖಜಾಂಚಿ ಕೆಲಸ ಬಿಟ್ಟರು.

ಗಿಡ ತಂದವರಿಗೆ ಪಾಲು ಕೊಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೂಗುವ ಮತ್ತು ಹಾಳೆಯ ಗಿಡಗಳೆಲ್ಲ ದಾನವಾಗಿಯೇ ಬರಲಿ. ಮಾರಾಟದ ಮೇಜಿಗೆ ತಂದವರಿಗೆ ಬೇಕಾದರೆ ನೂರಕ್ಕೆ ಎಪ್ಪತ್ತು ಅವರಿಗೆ, ಮೂವತ್ತು ಬಳಗಕ್ಕೆ ಅಂತ ಮಾಡಿ. ಹೀಗೆ ಮಾಡಿದರೆ ಚಿಲ್ಲರೆ ಗಿಡಗಳು ತಾವಾಗೇ ಮೇಜಿಗೆ ಹೋಗುತ್ತವೆ, ನಿಮ್ಮ ಗಿಡ ಸವಾಲಿಗೆ ಲಾಯಕ್ಕಿಲ್ಲ ಅಂತ ಯಾರ ಮುಖದ ಮೇಲೂ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಅತ್ತೆಯವರ ಡೇರೆ. ಇಡಿ, ಆದರೆ ಇರುವುದೆಲ್ಲ ಇಡಬೇಡಿ. ಗೊಂಚಲು ಬಿಡಿಸಿದಾಗ ಕಣ್ಣು ಇರುವ ಗೆಡ್ಡೆ ನಾಲ್ಕು ಸಿಕ್ಕರೆ ಎರಡು ನಿಮ್ಮ ಅಂಗಳಕ್ಕೆ, ಎರಡು ಬೇರೆ ಬೇರೆ ಕೊಟ್ಟೆಯಲ್ಲಿ ಚಿಗುರಿಸಿ ಸವಾಲಿಗೆ. ಹೂವಿನ ಫೋಟೋದ ಜತೆ ಅತ್ತೆಯವರ ಹೆಸರು, ಅವರು ಎಲ್ಲಿಂದ ತಂದರು ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ. ಒಂದನ್ನು ಕೂಗಿಸಿ. ಇನ್ನೊಂದನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದು, ಮೇಜು ಕುಟ್ಟಿದ ಮೇಲೆ ಹೊರಗೆ ತೆಗೆದು ಅದೇ ಬೆಲೆಗೆ ಎರಡನೆಯವರನ್ನು ಕೇಳಿ. ನಿಮ್ಮ ಅಂಗಳದ್ದು ಒಂದು ಮಳೆಗಾಲ ಕೊಳೆತುಹೋದರೆ ಗೆಡ್ಡೆ ಕೇಳಲು ಎರಡು ಮನೆ ಇರುತ್ತವೆ.